ಕೊಳಗ ಒಂದೇ, ಕಾಳು ಬೇರೆ

ಪದವಿ ವ್ಯಾಸಂಗದ ನಡುವೆ ವಿಶ್ವವಿದ್ಯಾಲಯ ಬದಲಿಸುವ ವಿದ್ಯಾರ್ಥಿ ಅದುವರೆಗೆ ಓದಿ ತೇರ್ಗಡೆಯಾದ ಪತ್ರಿಕೆಗಳಿಗೆ ಹೊಸ ಜಾಗದಲ್ಲಿ ಎಷ್ಟು ಬೆಲೆ ಸಿಗುತ್ತದೆ ಎಂಬ ಪ್ರಶ್ನೆ ಭಾರತದಲ್ಲಿ ಬಹುಕಾಲ ಕುಲಸಚಿವರ ಕಚೇರಿಯ ಕಡತಗಳೊಳಗೇ ಉಳಿದಿತ್ತು. ವರ್ಗಾವಣೆ ಪತ್ರ, ಮೈಗ್ರೇಷನ್ ಸರ್ಟಿಫಿಕೇಟ್, ಅರ್ಹತಾ ಪತ್ರ, ಅಂಕಪಟ್ಟಿಗಳ ದೃಢೀಕೃತ ಪ್ರತಿ ಇವೆಲ್ಲವನ್ನೂ ಹೊತ್ತು ಒಂದು ಕಿಟಕಿಯಿಂದ ಇನ್ನೊಂದು ಕಿಟಕಿಗೆ ಅಲೆದ ಮೇಲೂ ಕೊನೆಗೆ ಸಿಗುತ್ತಿದ್ದ ಉತ್ತರ ಸಾಮಾನ್ಯವಾಗಿ ಮೊದಲ ವರ್ಷದಿಂದ ಪ್ರಾರಂಭಿಸಿ ಎಂಬುದೇ ಆಗಿರುತ್ತಿತ್ತು. 2021ರ ಜುಲೈ ತಿಂಗಳಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಅಂದರೆ ಯುಜಿಸಿ, ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಎಂಬ ವ್ಯವಸ್ಥೆಯ ನಿಯಮಾವಳಿಯನ್ನು ಹೊರಡಿಸಿದಾಗ ಈ ಅಲೆದಾಟ ಮುಗಿಯಿತೆಂಬ ಭಾವನೆ ಮೂಡಿದ್ದು ಸಹಜವೇ. ಆದರೆ ಆ ಬ್ಯಾಂಕು ನಿಜವಾಗಿ ಏನನ್ನು ಕೂಡಿಡುತ್ತದೆ, ಕೂಡಿಟ್ಟದ್ದನ್ನು ಯಾರು ಒಪ್ಪಬೇಕು ಎಂಬುದನ್ನು ಬಿಡಿಸಿ ನೋಡಿದರೆ ಸಮಸ್ಯೆಯ ಅರ್ಧ ಭಾಗ ಮಾತ್ರ ಬಗೆಹರಿದಿರುವುದು ಕಾಣುತ್ತದೆ.

ಕ್ರೆಡಿಟ್ ಎಂಬುದು ಮೂಲತಃ ಕಲಿಕೆಗೆ ತೊಡಗಿಸಿದ ಕಾಲದ ಅಳತೆ. ಭಾರತದ ವಿಶ್ವವಿದ್ಯಾಲಯಗಳಲ್ಲಿ ಸಿಬಿಸಿಎಸ್ ಎಂಬ ಹೆಸರಿನಿಂದ ಬಳಕೆಗೆ ಬಂದ ಆಯ್ಕೆ ಆಧಾರಿತ ಕ್ರೆಡಿಟ್ ಪದ್ಧತಿಯ ಪ್ರಕಾರ, ಒಂದು ಸೆಮಿಸ್ಟರಿನ ಸುಮಾರು 15 ವಾರಗಳ ಕಾಲ ವಾರಕ್ಕೆ ಒಂದು ಗಂಟೆ ಪಾಠ ಕೇಳಿದರೆ ಒಂದು ಕ್ರೆಡಿಟ್. ಪ್ರಯೋಗಾಲಯದ ಕೆಲಸವಾದರೆ ಅದೇ ಒಂದು ಕ್ರೆಡಿಟ್‌ಗೆ ವಾರಕ್ಕೆ ಎರಡು ಗಂಟೆ. 2023ರಲ್ಲಿ ಬಂದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಇದನ್ನು ಇನ್ನಷ್ಟು ವಿಸ್ತರಿಸಿ, ತರಗತಿ, ಪ್ರಯೋಗ, ಮನೆಯಲ್ಲಿ ಓದು, ಪರೀಕ್ಷೆಯ ಸಿದ್ಧತೆ ಎಲ್ಲವನ್ನೂ ಸೇರಿಸಿ ವರ್ಷಕ್ಕೆ 1200 ಗಂಟೆಗಳ ಕಲಿಕೆ ಎಂದು ಲೆಕ್ಕ ಹಾಕಿ ಅದಕ್ಕೆ 40 ಕ್ರೆಡಿಟ್ ಎಂದು ನಿಗದಿ ಮಾಡಿತು. ಈ ಲೆಕ್ಕದಲ್ಲಿ ಮೂರು ವರ್ಷದ ಪದವಿಗೆ 120, ನಾಲ್ಕು ವರ್ಷದ ಆನರ್ಸ್ ಪದವಿಗೆ 160 ಕ್ರೆಡಿಟ್‌ಗಳಾಗುತ್ತವೆ. ಯುರೋಪಿನಲ್ಲಿ ಪೂರ್ಣಾವಧಿಯ ಒಂದು ವರ್ಷಕ್ಕೆ 60, ಅಮೆರಿಕದ ಸೆಮಿಸ್ಟರ್ ಪದ್ಧತಿಯಲ್ಲಿ ಸುಮಾರು 30. ಹೀಗಾಗಿ 60, 40, 30 ಎಂಬ ಮೂರೂ ಅಂಕಿಗಳು ಹೆಚ್ಚುಕಡಿಮೆ ಒಂದೇ ವರ್ಷದ ದುಡಿಮೆಯನ್ನು ಸೂಚಿಸುತ್ತವೆ. ಹಳೆಯ ಕಾಲದಲ್ಲಿ ಸೀಮೆಗೊಂದು ಬಗೆಯ ಸೇರು, ಕೊಳಗ ಇದ್ದು, ಸಂತೆಯಲ್ಲಿ ಒಂದರಿಂದ ಇನ್ನೊಂದಕ್ಕೆ ಲೆಕ್ಕ ಕಟ್ಟುತ್ತಿದ್ದ ಹಾಗೆ ಇಲ್ಲಿಯೂ ಅಳತೆಯಿಂದ ಅಳತೆಗೆ ಲೆಕ್ಕ ಕಟ್ಟುವುದು ಕಷ್ಟವೇನಲ್ಲ. ಕೊಳಗದೊಳಗೆ ರಾಗಿ ಇದೆಯೋ ಭತ್ತ ಇದೆಯೋ ಎಂದು ಕೇಳುವಲ್ಲಿಂದ ಕಷ್ಟ ಶುರುವಾಗುತ್ತದೆ.

ಈ ಅಳತೆ ಹುಟ್ಟಿದ ಬಗೆಯನ್ನು ತಿಳಿದರೆ ಅದರ ಮಿತಿ ಸುಲಭವಾಗಿ ಅರ್ಥವಾಗುತ್ತದೆ, ಏಕೆಂದರೆ ಅದು ಹುಟ್ಟಿದ್ದು ವಿದ್ಯಾರ್ಥಿಯ ಕಲಿಕೆಯನ್ನು ಅಳೆಯಬೇಕೆಂಬ ಬಯಕೆಯಿಂದಲ್ಲ, ಮೇಷ್ಟರ ಪಿಂಚಣಿಯ ದೆಸೆಯಿಂದ. ಉಕ್ಕಿನ ಉದ್ಯಮಿ ಆಂಡ್ರೂ ಕಾರ್ನೆಗಿ 1905ರಲ್ಲಿ ಅಮೆರಿಕದ ಕಾಲೇಜು ಅಧ್ಯಾಪಕರ ನಿವೃತ್ತಿ ವೇತನಕ್ಕೆಂದು ಒಂದು ಕೋಟಿ ಡಾಲರುಗಳನ್ನು ಕೊಟ್ಟು ಪ್ರತಿಷ್ಠಾನವೊಂದನ್ನು ಸ್ಥಾಪಿಸಿದಾಗ, ಅದನ್ನು ನಡೆಸುವವರಿಗೆ ಎದುರಾದ ಮೊದಲ ತೊಡಕು ಎಂದರೆ ಯಾವುದನ್ನು ಕಾಲೇಜು ಎನ್ನಬೇಕು ಎಂಬುದು. ಹೈಸ್ಕೂಲಿಗಿಂತ ಹೆಚ್ಚೇನೂ ಕಲಿಸದ ಶಾಲೆಗಳೂ ಆಗ ಕಾಲೇಜೆಂಬ ಫಲಕ ತೂಗುಹಾಕಿಕೊಂಡಿದ್ದವು. ಅದಕ್ಕೆ ಪ್ರತಿಷ್ಠಾನ ಕಂಡುಕೊಂಡ ಉಪಾಯ ಸರಳವಾಗಿತ್ತು: ಪ್ರವೇಶ ಬಯಸುವವನು ಹೈಸ್ಕೂಲಿನಲ್ಲಿ 14 ಮಾನಗಳಷ್ಟು ಓದಿರಬೇಕೆಂದು ವಿಧಿಸುವ ಸಂಸ್ಥೆ ಮಾತ್ರ ಕಾಲೇಜು, ಮತ್ತು ಒಂದು ಮಾನವೆಂದರೆ ಒಂದು ವಿಷಯದಲ್ಲಿ ಸುಮಾರು 120 ಗಂಟೆಗಳ ಪಾಠ. ಪಿಂಚಣಿಯ ಆಸೆ ಯಾವ ಸುಧಾರಕನ ಭಾಷಣಕ್ಕೂ ಆಗದ ಕೆಲಸವನ್ನು ಮಾಡಿತು. ಕೆಲವೇ ವರ್ಷಗಳಲ್ಲಿ ಆ ದೇಶದ ಶಾಲೆಗಳೂ ಕಾಲೇಜುಗಳೂ ಈ ಗಂಟೆಯ ಲೆಕ್ಕಕ್ಕೆ ಒಗ್ಗಿಕೊಂಡವು, ಅಲ್ಲಿಂದ ಅದು ಲೋಕಕ್ಕೆಲ್ಲ ಹರಡಿತು. ಶತಮಾನ ಕಳೆದ ಮೇಲೆ, 2015ರಲ್ಲಿ, ಅದೇ ಪ್ರತಿಷ್ಠಾನ ತನ್ನ ಅಳತೆಗೋಲನ್ನು ಮರುಪರಿಶೀಲಿಸಿ, ವಿದ್ಯಾರ್ಥಿ ಏನು ಕಲಿತ ಎಂಬುದನ್ನು ಅಳೆಯಲು ಅದನ್ನು ರೂಪಿಸಿರಲಿಲ್ಲವೆಂದು ಹೇಳಿಕೊಂಡಿತು. ಇಂದು ಒಂದು ವಿಶ್ವವಿದ್ಯಾಲಯದ ಅಧ್ಯಯನ ಮಂಡಳಿ ಇನ್ನೊಂದರ ನಾಲ್ಕು ಕ್ರೆಡಿಟ್ಟಿನ ಪತ್ರಿಕೆಯನ್ನು ಅನುಮಾನದಿಂದ ನೋಡುವಾಗ, ಅದರ ಅನುಮಾನಕ್ಕೆ ಈ ಹುಟ್ಟಿನ ದೋಷವೂ ಸ್ವಲ್ಪ ಕಾರಣ.

ಭಾರತದಲ್ಲಿ ಈ ಪ್ರಶ್ನೆ ತಡವಾಗಿ ಎದ್ದದ್ದಕ್ಕೆ ವಿಶ್ವವಿದ್ಯಾಲಯಗಳ ರಚನೆಯೇ ಕಾರಣ. 1857ರಲ್ಲಿ ಕಲ್ಕತ್ತಾ, ಬೊಂಬಾಯಿ, ಮದರಾಸುಗಳಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯಗಳು ಪಾಠ ಹೇಳುವ ಸಂಸ್ಥೆಗಳಾಗಿರದೆ, ದೂರದ ಕಾಲೇಜುಗಳನ್ನು ಸಂಯೋಜಿಸಿಕೊಂಡು ಪರೀಕ್ಷೆ ನಡೆಸಿ ಪದವಿ ಕೊಡುವ ಸಂಸ್ಥೆಗಳಾಗಿದ್ದವು. ಒಂದೇ ಪಠ್ಯಕ್ರಮ, ಒಂದೇ ಪ್ರಶ್ನೆಪತ್ರಿಕೆ, ಒಂದೇ ಮೌಲ್ಯಮಾಪನ ಇರುವಲ್ಲಿ ಒಳಗೊಳಗೆ ಕಾಲೇಜು ಬದಲಿಸುವುದು ತೊಡಕಿನ ಮಾತಾಗಿರಲಿಲ್ಲ. ಇಂದಿಗೂ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಅಡಿಯಲ್ಲಿರುವ, ಸ್ವಾಯತ್ತವಲ್ಲದ ಎರಡು ಎಂಜಿನಿಯರಿಂಗ್ ಕಾಲೇಜುಗಳ ನಡುವೆ ಸಾಗುವ ವಿದ್ಯಾರ್ಥಿಗೆ ಸೀಟಿನ ಚಿಂತೆ ಇರಬಹುದೇ ಹೊರತು ಪಠ್ಯದ ಚಿಂತೆ ಇರುವುದಿಲ್ಲ. ಕನ್ನಡ ನಾಡಿನ ಚರಿತ್ರೆಯಲ್ಲಂತೂ ವಿದ್ಯಾರ್ಥಿಗಿಂತ ಹೆಚ್ಚಾಗಿ ಕಾಲೇಜುಗಳೇ ವಿಶ್ವವಿದ್ಯಾಲಯ ಬದಲಿಸಿವೆ ಎನ್ನಬೇಕು. ಬೆಂಗಳೂರಿನ ಸೆಂಟ್ರಲ್ ಕಾಲೇಜು ಮತ್ತು ಮೈಸೂರಿನ ಮಹಾರಾಜಾ ಕಾಲೇಜು 1916ರಲ್ಲಿ ಮದರಾಸಿನ ಆಶ್ರಯ ಬಿಟ್ಟು ಹೊಸ ಮೈಸೂರು ವಿಶ್ವವಿದ್ಯಾಲಯಕ್ಕೆ ಬಂದವು; ಧಾರವಾಡದ ಕರ್ನಾಟಕ ಕಾಲೇಜು ಬೊಂಬಾಯಿಯಿಂದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಬಂತು; ಮಂಗಳಗಂಗೋತ್ರಿಯ ಸ್ನಾತಕೋತ್ತರ ಕೇಂದ್ರ 1980ರಲ್ಲಿ ತಾನೇ ಮಂಗಳೂರು ವಿಶ್ವವಿದ್ಯಾಲಯವಾಯಿತು. ಇಂಥ ಒಡೆಯುವಿಕೆಗಳ ಹೊತ್ತಿನಲ್ಲಿ ಆಗಲೇ ಸೇರಿದ್ದ ವಿದ್ಯಾರ್ಥಿಗಳನ್ನು ಹಳೆಯ ವಿಶ್ವವಿದ್ಯಾಲಯದ ಹೆಸರಿನಲ್ಲೇ ಪದವಿ ಮುಗಿಸಲು ಬಿಡುವುದು ವಾಡಿಕೆ. ಎರಡು ಪಠ್ಯಕ್ರಮಗಳನ್ನು ಹೊಂದಿಸುವ ಪ್ರಮೇಯವನ್ನು ಆಡಳಿತ ಎಷ್ಟು ಎಚ್ಚರದಿಂದ ತಪ್ಪಿಸಿಕೊಳ್ಳುತ್ತದೆ ಎಂಬುದಕ್ಕೆ ಆ ವಾಡಿಕೆಯೇ ಸಾಕ್ಷಿ.

ಈ ಹಿನ್ನೆಲೆಯಲ್ಲಿ 2021ರ ಬ್ಯಾಂಕು ನಿಜಕ್ಕೂ ಹೊಸ ವಿಚಾರ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಿಂದ ಹುಟ್ಟಿದ ಈ ವ್ಯವಸ್ಥೆಯಲ್ಲಿ ವಿದ್ಯಾರ್ಥಿ ತನ್ನ ಹೆಸರಿನಲ್ಲಿ ಖಾತೆ ತೆರೆಯುತ್ತಾನೆ. ಡಿಜಿಲಾಕರಿನ ಮೂಲಕ ನಡೆಯುವ ಈ ಖಾತೆಗೆ 12 ಅಂಕಿಗಳ ಗುರುತಿನ ಸಂಖ್ಯೆ ಸಿಗುತ್ತದೆ. ಅವನು ಓದಿದ ಸಂಸ್ಥೆ ಪ್ರತಿ ಸೆಮಿಸ್ಟರಿನ ಕೊನೆಗೆ ಅವನು ಗಳಿಸಿದ ಕ್ರೆಡಿಟ್‌ಗಳನ್ನು ಅದಕ್ಕೆ ಜಮಾ ಮಾಡುತ್ತದೆ. ಅಂಕಪಟ್ಟಿಯನ್ನು ವಿದ್ಯಾರ್ಥಿಯೇ ತಂದು ಕೊಟ್ಟರೆ ಬ್ಯಾಂಕು ತೆಗೆದುಕೊಳ್ಳುವುದಿಲ್ಲ, ನೋಂದಾಯಿತ ಸಂಸ್ಥೆಯಿಂದ ಬಂದದ್ದನ್ನು ಮಾತ್ರ ಸ್ವೀಕರಿಸುತ್ತದೆ. ನಕಲಿ ಅಂಕಪಟ್ಟಿಗಳ ದಂಧೆ ಬಲ್ಲ ನಾಡಿನಲ್ಲಿ ಇದು ಸಣ್ಣ ಅನುಕೂಲವಲ್ಲ, ಆದರೆ ಸಂಸ್ಥೆ ಜಮಾ ಮಾಡಲು ತಡಮಾಡಿದರೆ ವಿದ್ಯಾರ್ಥಿಯ ಖಾತೆ ಖಾಲಿಯಾಗಿಯೇ ಇರುತ್ತದೆ ಎಂಬುದೂ ಅದರ ಇನ್ನೊಂದು ಮುಖ. ಜಮಾ ಆದ ಕ್ರೆಡಿಟ್‌ಗಳು ಸಾಮಾನ್ಯವಾಗಿ ಗರಿಷ್ಠ ಏಳು ವರ್ಷ ಬಾಳುತ್ತವೆ. ಪದವಿಯನ್ನೋ ಡಿಪ್ಲೊಮಾವನ್ನೋ ಪಡೆಯಲು ಅವುಗಳನ್ನು ಬಳಸಿಕೊಂಡ ಮೇಲೆ ಅವು ಖಾತೆಯಿಂದ ಶಾಶ್ವತವಾಗಿ ಕಳೆದುಹೋಗುತ್ತವೆ. ಅದೇ ಕ್ರೆಡಿಟ್ಟನ್ನು ತೋರಿಸಿ ಎರಡು ಪದವಿ ಪಡೆಯುವಂತಿಲ್ಲ. ಮೂಲ ನಿಯಮಾವಳಿಯ ಪ್ರಕಾರ ಪದವಿ ನೀಡುವ ಸಂಸ್ಥೆಯಲ್ಲೇ ಕನಿಷ್ಠ ಶೇ 50ರಷ್ಟು ಕ್ರೆಡಿಟ್ ಗಳಿಸಿರಬೇಕು. ಸರ್ಕಾರದ ಆನ್‌ಲೈನ್ ಪಾಠಗಳ ವೇದಿಕೆಯಾದ ಸ್ವಯಂ ಮೂಲಕ ಓದಿದ ಪತ್ರಿಕೆಗಳಿಗೂ ಇಲ್ಲಿ ಜಾಗವಿದ್ದು, ಒಂದು ಸೆಮಿಸ್ಟರಿನಲ್ಲಿ ಅಂಥ ಪತ್ರಿಕೆಗಳ ಪಾಲು ಶೇ 40ರವರೆಗೆ ಇರಬಹುದೆಂದು ಯುಜಿಸಿ 2021ರಲ್ಲಿ ಮಿತಿಯನ್ನು ಏರಿಸಿತು.

ಬ್ಯಾಂಕೆಂಬ ಹೋಲಿಕೆ ಆಕರ್ಷಕವಾದರೂ ಅದು ಒಂದು ಮುಖ್ಯ ಸಂಗತಿಯನ್ನು ಮರೆಸಿಬಿಡುತ್ತದೆ. ಶಿರಸಿಯ ಶಾಖೆಯಲ್ಲಿ ಕಟ್ಟಿದ ನೂರು ರೂಪಾಯಿ ಕಲಬುರಗಿಯ ಶಾಖೆಯಲ್ಲೂ ನೂರೇ ಆಗಿರುತ್ತದೆ, ಆ ಹಣ ಅಡಕೆ ಮಾರಿ ಬಂದದ್ದೋ ತೊಗರಿ ಮಾರಿ ಬಂದದ್ದೋ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಕ್ರೆಡಿಟ್ಟಿನ ವಿಷಯದಲ್ಲಿ ಕೇಳುವುದೇ ಅದನ್ನು. ಖಾತೆಯಲ್ಲಿ 80 ಕ್ರೆಡಿಟ್ ಇದೆಯೆಂದು ಬ್ಯಾಂಕು ದೃಢೀಕರಿಸಬಲ್ಲದು. ಆ 80ರಲ್ಲಿ ತನ್ನ ಪದವಿಗೆ ಎಷ್ಟು ಸಲ್ಲುತ್ತವೆ ಎಂಬುದನ್ನು ತೀರ್ಮಾನಿಸುವ ಅಧಿಕಾರ ಮಾತ್ರ ಸೇರಿಸಿಕೊಳ್ಳುವ ವಿಶ್ವವಿದ್ಯಾಲಯದ ಕೈಯಲ್ಲಿಯೇ ಉಳಿದಿದೆ. ಅಂದರೆ ಬ್ಯಾಂಕು ಬಗೆಹರಿಸಿದ್ದು ದಾಖಲೆಯ ಸಮಸ್ಯೆಯನ್ನು, ಮಾನ್ಯತೆಯ ಸಮಸ್ಯೆಯನ್ನಲ್ಲ.

ಮಾನ್ಯತೆಯ ತೀರ್ಮಾನ ನಡೆಯುವುದು ಯಾರ ಕಣ್ಣಿಗೂ ಬೀಳದ ಒಂದು ಮೇಜಿನ ಮೇಲೆ. ವಿಭಾಗದ ಅಧ್ಯಾಪಕರು, ಹೊರಗಿನ ಒಬ್ಬಿಬ್ಬರು ತಜ್ಞರು ಸೇರಿದ ಅಧ್ಯಯನ ಮಂಡಳಿ ಎರಡು ಪಠ್ಯಕ್ರಮಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಘಟಕ ಘಟಕಕ್ಕೂ ತಾಳೆ ನೋಡುತ್ತದೆ. ಆಗ ಏಳುವ ತಕರಾರುಗಳು ಹಲವು ಬಗೆಯವು. ಹೆಸರು ಒಂದೇ ಆಗಿ ಒಳಗಿನ ಪಾಠ ಬೇರೆಯಾಗಿರಬಹುದು. ಪಾಠ ಒಂದೇ ಆಗಿ ಅದು ಬರುವ ಸೆಮಿಸ್ಟರ್ ಬೇರೆಯಾಗಿರಬಹುದು, ಹಾಗಾದಾಗ ವಿದ್ಯಾರ್ಥಿ ಒಂದನ್ನು ಎರಡು ಸಲ ಓದಿ ಇನ್ನೊಂದನ್ನು ಒಂದು ಸಲವೂ ಓದದೆ ಉಳಿಯುತ್ತಾನೆ. ಅಲ್ಲಿ ಮೂರು ಕ್ರೆಡಿಟ್ಟಿನ ಪತ್ರಿಕೆ ಇಲ್ಲಿ ನಾಲ್ಕಾಗಿದ್ದರೆ ಉಳಿದ ಒಂದು ಕ್ರೆಡಿಟ್ಟಿಗಾಗಿ ಇಡೀ ಪತ್ರಿಕೆಯನ್ನು ಮತ್ತೆ ಬರೆಯಬೇಕೇ ಎಂಬುದು ಕೇಳಲು ಹಾಸ್ಯಾಸ್ಪದವಾದರೂ ಉತ್ತರಿಸಲು ಸುಲಭವಲ್ಲದ ಪ್ರಶ್ನೆ. ಭಾಷಾ ಪತ್ರಿಕೆಗಳೂ ಸಂವಿಧಾನ, ಪರಿಸರ ಅಧ್ಯಯನಗಳಂಥ ಕಡ್ಡಾಯ ಪತ್ರಿಕೆಗಳೂ ರಾಜ್ಯದಿಂದ ರಾಜ್ಯಕ್ಕೆ ಬದಲಾಗುವುದರಿಂದ, ಹೊಸದಾಗಿ ಬಂದವನು ಮೇಲಿನ ತರಗತಿಯಲ್ಲಿ ಕುಳಿತು ಕೆಳಗಿನ ತರಗತಿಯ ಪತ್ರಿಕೆಗಳನ್ನು ಬಾಕಿಯೆಂದು ಹೊತ್ತು ತಿರುಗಬೇಕಾಗುತ್ತದೆ. ಇವೆಲ್ಲವನ್ನೂ ದಾಟಿದ ಮೇಲೂ ಎರಡನೆಯ ವರ್ಷದ ತರಗತಿಯಲ್ಲಿ ಖಾಲಿ ಸೀಟು ಇರಬೇಕು. ಕ್ರೆಡಿಟ್ಟಿಗೆ ಬ್ಯಾಂಕಿದೆ, ಸೀಟಿಗೆ ಇಲ್ಲ.

ಅಧ್ಯಯನ ಮಂಡಳಿಯ ಹಟವನ್ನು ಬರೀ ಅಧಿಕಾರಶಾಹಿಯ ಜಡತೆ ಎಂದು ತಳ್ಳಿಹಾಕುವುದು ನ್ಯಾಯವಲ್ಲ. ಪದವಿ ಪತ್ರದ ಮೇಲೆ ಮುದ್ರೆ ಒತ್ತುವ ವಿಶ್ವವಿದ್ಯಾಲಯ, ತಾನು ಕಲಿಸದ, ತಾನು ಪರೀಕ್ಷಿಸದ ಪಾಠಗಳಿಗೂ ತನ್ನ ಹೆಸರನ್ನು ಜಾಮೀನಾಗಿ ಕೊಡುತ್ತದೆ. ಒಂದನೆಯ ಸೆಮಿಸ್ಟರಿನ ಕ್ಯಾಲ್ಕುಲಸ್ ಸರಿಯಾಗಿ ಕಲಿಯದವನನ್ನು ಮೂರನೆಯ ಸೆಮಿಸ್ಟರಿನ ಭೌತಶಾಸ್ತ್ರಕ್ಕೆ ಕೂರಿಸಿದರೆ ಸೋಲುವವನು ವಿದ್ಯಾರ್ಥಿಯೇ. ಆದರೆ ಇದೇ ಎಚ್ಚರ, ನಮ್ಮ ಪಠ್ಯಕ್ರಮವೇ ಶ್ರೇಷ್ಠ ಎಂಬ ಹಮ್ಮಿಗೂ ತರಗತಿ ತುಂಬಿಸಿಕೊಳ್ಳುವ ಲೆಕ್ಕಾಚಾರಕ್ಕೂ ಒಳ್ಳೆಯ ಮರೆಯಾಗಬಲ್ಲದು ಎಂಬುದನ್ನೂ ಒಪ್ಪಬೇಕು. ಒಂದೇ ರಾಜ್ಯ ಸರ್ಕಾರದ ಹಣದಿಂದ ನಡೆಯುವ ಎರಡು ವಿಶ್ವವಿದ್ಯಾಲಯಗಳು ಪರಸ್ಪರರ ಪ್ರಥಮ ವರ್ಷದ ಅರ್ಥಶಾಸ್ತ್ರವನ್ನು ನಂಬಲಾರೆವು ಎನ್ನುವುದಾದರೆ, ಅಲ್ಲಿ ಕೊರತೆ ಇರುವುದು ಅರ್ಥಶಾಸ್ತ್ರದಲ್ಲಿ ಅಲ್ಲ.

ಈ ದಾರಿಯಲ್ಲಿ ಭಾರತಕ್ಕಿಂತ ಬಹಳ ಹಿಂದೆಯೇ ನಡೆದ ಅಮೆರಿಕದ ಅನುಭವ ಇಲ್ಲಿ ಉಪಯುಕ್ತ. ಅಲ್ಲಿ ಕಡಿಮೆ ಶುಲ್ಕದ ಎರಡು ವರ್ಷದ ಸಮುದಾಯ ಕಾಲೇಜಿನಲ್ಲಿ ಓದಿ ಅನಂತರ ರಾಜ್ಯ ವಿಶ್ವವಿದ್ಯಾಲಯಕ್ಕೆ ಸೇರುವುದು ಸಾಮಾನ್ಯ ಕುಟುಂಬಗಳ ರೂಢಿಯ ದಾರಿ. ಕ್ಯಾಲಿಫೋರ್ನಿಯಾ 1960ರ ತನ್ನ ಮಹಾಯೋಜನೆಯಲ್ಲಿ ಈ ದಾರಿಯನ್ನೇ ಉನ್ನತ ಶಿಕ್ಷಣದ ಬೆನ್ನೆಲುಬಾಗಿ ಮಾಡಿಕೊಂಡಿತು. ಹೀಗಿದ್ದೂ, ಆ ದೇಶದ ಸರ್ಕಾರಿ ಲೆಕ್ಕ ಪರಿಶೋಧನಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ವರದಿಯೊಂದು, 2004ರಿಂದ 2009ರವರೆಗೆ ಕಾಲೇಜು ಬದಲಿಸಿದ ವಿದ್ಯಾರ್ಥಿಗಳು ತಾವು ಗಳಿಸಿದ ಕ್ರೆಡಿಟ್‌ಗಳಲ್ಲಿ ಸರಾಸರಿ ಶೇ 43ರಷ್ಟನ್ನು ಕಳೆದುಕೊಂಡಿದ್ದರೆಂದು ಅಂದಾಜು ಮಾಡಿತು. ಸಾರ್ವಜನಿಕ ಸಂಸ್ಥೆಗಳ ಒಳಗೆಯೇ ಓಡಾಡಿದವರ ನಷ್ಟವೂ ಸುಮಾರು ಶೇ 37ರಷ್ಟಿತ್ತು. ಕಳೆದುಹೋದ ಪ್ರತಿ ಕ್ರೆಡಿಟ್ಟಿಗೂ ಎರಡನೆಯ ಸಲ ಶುಲ್ಕ ಕಟ್ಟಬೇಕಾದ್ದರಿಂದ ಇದು ನೇರವಾಗಿ ಕಿಸೆಗೆ ಬೀಳುವ ಪೆಟ್ಟು.

ಈ ಲೆಕ್ಕಕ್ಕೂ ಸಿಗದ ನಷ್ಟ ಇನ್ನೊಂದಿದೆ. ಕ್ರೆಡಿಟ್ಟನ್ನು ಸ್ವೀಕರಿಸುವುದು ಬೇರೆ, ಅದನ್ನು ಪದವಿಯ ಅಗತ್ಯಕ್ಕೆ ಅನ್ವಯಿಸುವುದು ಬೇರೆ. ವಿಶ್ವವಿದ್ಯಾಲಯ ಎಲ್ಲ 60 ಕ್ರೆಡಿಟ್‌ಗಳನ್ನೂ ಸ್ವೀಕರಿಸಿದ್ದೇವೆಂದು ಪತ್ರ ಬರೆದು, ಅವುಗಳಲ್ಲಿ 20ನ್ನು ಮುಖ್ಯ ವಿಷಯಕ್ಕೆ ಸೇರಿಸದೆ ಐಚ್ಛಿಕ ಪತ್ರಿಕೆಗಳ ಲೆಕ್ಕಕ್ಕೆ ಹಾಕಿದರೆ, ಕಾಗದದ ಮೇಲೆ ನಷ್ಟವೇ ಕಾಣುವುದಿಲ್ಲ, ಆದರೆ ವಿದ್ಯಾರ್ಥಿ ಇನ್ನೊಂದು ಸೆಮಿಸ್ಟರ್ ಹೆಚ್ಚಾಗಿ ಓದಿಯೇ ತೀರಬೇಕಾಗುತ್ತದೆ. ಕೊಳಗ ತುಂಬಿದೆ, ಅಡುಗೆಗೆ ಬೇಕಾದ ಕಾಳು ಮಾತ್ರ ಅದರಲ್ಲಿಲ್ಲ.

ಇದಕ್ಕೆ ಫ್ಲಾರಿಡಾ ರಾಜ್ಯ ಹುಡುಕಿಕೊಂಡ ಪರಿಹಾರ ನೀರಸವಾಗಿ ಕಂಡರೂ ಗಟ್ಟಿಯಾದದ್ದು. ರಾಜ್ಯದ ಎಲ್ಲ ಸಾರ್ವಜನಿಕ ಕಾಲೇಜು, ವಿಶ್ವವಿದ್ಯಾಲಯಗಳ ಪತ್ರಿಕೆಗಳನ್ನು ವಿಷಯವಾರು ಅಧ್ಯಾಪಕರ ಸಮಿತಿಗಳು ಹೋಲಿಸಿ, ಸಮಾನವೆಂದು ಕಂಡವುಗಳಿಗೆ ಒಂದೇ ಸಂಕೇತ ಸಂಖ್ಯೆಯನ್ನು ಕೊಡುತ್ತವೆ. ಸಂಖ್ಯೆ ಒಂದೇ ಆಗಿದ್ದರೆ ಸೇರಿಸಿಕೊಳ್ಳುವ ಸಂಸ್ಥೆ ಅದನ್ನು ತನ್ನದೇ ಪತ್ರಿಕೆಯೆಂದು ಪರಿಗಣಿಸಬೇಕು, ಮರುಪರಿಶೀಲನೆಯ ಮಾತಿಲ್ಲ. ಹೀಗೆ ಹೋಲಿಕೆಯ ಕೆಲಸ ವಿದ್ಯಾರ್ಥಿ ಬಂದು ನಿಂತ ಮೇಲೆ ನಡೆಯುವುದಿಲ್ಲ, ಅವನು ಬರುವುದಕ್ಕೆ ಮೊದಲೇ ಮುಗಿದಿರುತ್ತದೆ. ಕ್ಯಾಲಿಫೋರ್ನಿಯಾ ಬೇರೆ ದಾರಿ ಹಿಡಿದು, ಬಿಡಿ ಪತ್ರಿಕೆಗಳ ಬದಲು ಇಡೀ ಕಟ್ಟನ್ನೇ ವರ್ಗಾಯಿಸುವ ಕಾನೂನನ್ನು 2010ರಲ್ಲಿ ಮಾಡಿತು: ಸಮುದಾಯ ಕಾಲೇಜಿನಲ್ಲಿ ನಿಗದಿತ 60 ಕ್ರೆಡಿಟ್‌ಗಳ ವರ್ಗಾವಣೆ ಪದವಿ ಮುಗಿಸಿದವನಿಗೆ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯ ಬಳಗದಲ್ಲಿ ಮೂರನೆಯ ವರ್ಷಕ್ಕೆ ಪ್ರವೇಶ ಖಾತ್ರಿ, ಸಮಾನ ವಿಷಯದಲ್ಲಿ ಇನ್ನು 60 ಓದಿದರೆ ಪದವಿಯೂ ಖಾತ್ರಿ. ಅಷ್ಟಕ್ಕೇ ನಿಲ್ಲದೆ, ನೂರಕ್ಕೂ ಹೆಚ್ಚಿರುವ ತನ್ನ ಸಮುದಾಯ ಕಾಲೇಜುಗಳೆಲ್ಲ ಸಮಾನ ಪತ್ರಿಕೆಗಳಿಗೆ ಒಂದೇ ಸಂಖ್ಯೆ ಬಳಸಬೇಕೆಂದು 2021ರಲ್ಲಿ ಇನ್ನೊಂದು ಕಾನೂನು ಮಾಡಿತು. ಭಾರತ ಬ್ಯಾಂಕು ಕಟ್ಟಿದ್ದೂ ಅದೇ ವರ್ಷ. ಅಲ್ಲಿ ಪತ್ರಿಕೆಗಳಿಗೆ ಸಂಖ್ಯೆ ಹಾಕಿದರು, ಇಲ್ಲಿ ವಿದ್ಯಾರ್ಥಿಗಳಿಗೆ.

ಕರ್ನಾಟಕದ ಮಟ್ಟಿಗೆ ಈ ಪ್ರಶ್ನೆ ಸ್ಥಳದಿಂದ ಸ್ಥಳಕ್ಕೆ ಮಾತ್ರವಲ್ಲ, ಕಾಲದಿಂದ ಕಾಲಕ್ಕೂ ಎದುರಾಗಿದೆ. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಜಾರಿಗೆ ತರಲು ದೇಶದಲ್ಲೇ ಮೊದಲು ಆದೇಶ ಹೊರಡಿಸಿದ ರಾಜ್ಯ ಇದು. 2021-22ರಲ್ಲಿ ಇಲ್ಲಿ ನಾಲ್ಕು ವರ್ಷದ ಆನರ್ಸ್, ನಡುವೆ ಹೊರಹೋಗುವ ಮತ್ತು ಮರಳಿ ಬರುವ ಅವಕಾಶ, ಎರಡು ಪ್ರಧಾನ ವಿಷಯಗಳ ಸಂಯೋಜನೆ, ಮುಕ್ತ ಐಚ್ಛಿಕ ಪತ್ರಿಕೆ, ಡಿಜಿಟಲ್ ಫ್ಲುಯೆನ್ಸಿ ಎಂಬ ಕಡ್ಡಾಯ ಪತ್ರಿಕೆ ಇವೆಲ್ಲ ಬಂದವು. ಪ್ರವೇಶದಿಂದ ಫಲಿತಾಂಶದವರೆಗಿನ ಕೆಲಸಕ್ಕೆ ಯುಯುಸಿಎಂಎಸ್ ಎಂಬ ಏಕೀಕೃತ ಆನ್‌ಲೈನ್ ವ್ಯವಸ್ಥೆ ಬಂತು. 2023ರಲ್ಲಿ ಸರ್ಕಾರ ಬದಲಾಗಿ, ಪ್ರೊ. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ರಚನೆಯಾಗಿ, ಅದರ ಮಧ್ಯಂತರ ವರದಿಯ ಮೇರೆಗೆ 2024-25ರಿಂದ ಮೂರು ವರ್ಷದ ಪದವಿಯೂ ಮೂರು ವಿಷಯಗಳ ಹಳೆಯ ಸಂಯೋಜನೆಯೂ ಮರಳಿದವು. ಎರಡೂ ನೀತಿಗಳಿಗೆ ತಮ್ಮದೇ ಸಮರ್ಥನೆಗಳಿರಬಹುದು. ಆದರೆ ಒಂದೇ ಕಾಲೇಜಿನಲ್ಲಿ, ಅದೇ ಅಧ್ಯಾಪಕರ ಬಳಿ ಎರಡು ವರ್ಷ ಓದಿ, ಮನೆಯ ಕಷ್ಟಕ್ಕೋ ಕೆಲಸಕ್ಕೋ ಬಿಟ್ಟುಹೋಗಿ ಈಗ ಮರಳುವ ವಿದ್ಯಾರ್ಥಿನಿಯೊಬ್ಬಳು ತಾನು ಬಿಟ್ಟುಹೋದ ತರಗತಿಯೇ ಇಲ್ಲದಿರುವುದನ್ನು ಕಾಣುತ್ತಾಳೆ. ಎರಡು ವಿಷಯ ಓದಿದವಳು ಮೂರು ವಿಷಯದವರ ನಡುವೆ ಕೂರಬೇಕು. ಊರು ಬದಲಿಸದಿದ್ದರೂ ಅವಳಿಗೆ ಬೇಕಾಗಿರುವುದು ಕ್ರೆಡಿಟ್ ವರ್ಗಾವಣೆಯೇ.

ಗಡಿಯಲ್ಲಿ ಈ ಬಿಕ್ಕಟ್ಟು ಇನ್ನೂ ಸ್ಪಷ್ಟ. ಕರ್ನಾಟಕ ನಾಲ್ಕು ವರ್ಷದ ಪದವಿಯನ್ನು ಕೈಬಿಟ್ಟ ಅದೇ 2024ರಲ್ಲಿ ಕೇರಳ ನಾಲ್ಕು ವರ್ಷದ ಪದವಿಯನ್ನು ಆರಂಭಿಸಿತು. ಕಣ್ಣೂರು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಸರಗೋಡಿನ ಸರ್ಕಾರಿ ಕಾಲೇಜಿಗೂ ಮಂಗಳೂರಿನ ಕಾಲೇಜುಗಳಿಗೂ ನಡುವೆ ಇರುವುದು ಸುಮಾರು ಐವತ್ತು ಕಿಲೋಮೀಟರು. ಕಾಸರಗೋಡಿನಲ್ಲಿ ಕನ್ನಡ ವಿಭಾಗವಿದೆ, ಕನ್ನಡದಲ್ಲೇ ಓದಿ ಬೆಳೆದ ಮಕ್ಕಳಿದ್ದಾರೆ, ಬೆಳಿಗ್ಗೆ ಹೊರಟು ಸಂಜೆ ಮರಳುವಷ್ಟು ಬಸ್ಸು ರೈಲುಗಳಿವೆ. ಆದರೆ ಅಲ್ಲಿ ಒಂದು ವರ್ಷ ಓದಿ ಇಲ್ಲಿಗೆ ಬರಬಯಸುವವರ ಕ್ರೆಡಿಟ್‌ಗಳು ಒಂದೇ ರಾಷ್ಟ್ರೀಯ ಬ್ಯಾಂಕಿನಲ್ಲಿ ಜಮಾ ಆಗಿದ್ದರೂ, ಅವು ಬೇರೆ ಬೇರೆ ಅವಧಿಯ, ಬೇರೆ ಬೇರೆ ಮಾದರಿಯ ಎರಡು ಪದವಿಗಳಿಗೆ ಸೇರಿದವು. ಅವುಗಳಲ್ಲಿ ಕನ್ನಡ ಕಾವ್ಯದ ಪತ್ರಿಕೆ ಹಾಗೇ ದಾಟಿಕೊಂಡು ಬರಬಹುದು. ಕೇರಳದ ಚೌಕಟ್ಟಿಗೆ ತಕ್ಕಂತೆ ರೂಪುಗೊಂಡ ಉಳಿದ ಪತ್ರಿಕೆಗಳಿಗೆ ಇಲ್ಲಿ ಜೋಡಿ ಹುಡುಕುವ ಕೆಲಸ ಮತ್ತೆ ಅಧ್ಯಯನ ಮಂಡಳಿಯ ಮೇಜಿಗೇ ಬರುತ್ತದೆ.

ಬ್ಯಾಂಕು ತೆರೆದ ಮೊದಲ ವರ್ಷ, 2021-22ರಲ್ಲಿ, ಜಮಾ ಆದ ಕ್ರೆಡಿಟ್‌ಗಳಿಗೆ ಏಳು ವರ್ಷದ ಅವಧಿ 2028-29ರ ಸುಮಾರಿಗೆ ಮುಗಿಯುತ್ತದೆ. ಕರ್ನಾಟಕದಲ್ಲಿ ಅವುಗಳನ್ನು ಗಳಿಸಿಕೊಟ್ಟ ನಾಲ್ಕು ವರ್ಷದ ವ್ಯವಸ್ಥೆ ಹೊಸಬರನ್ನು ಸೇರಿಸಿಕೊಂಡದ್ದು ಮೂರೇ ಮೂರು ವರ್ಷ.